ಹೂಂ ಅಂದರೆ ಸಾಲದು

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೧೦, ಭಾನುವಾರ ಮಧ್ಯಾಹ್ನ

ಹಡಗಿನ ಒಲೆಯ ಮುಂದೆ ನಿಂತಿರುವ ನನ್ನ ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರ.

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಹಡಗು ತೂಗಾಡುವಾಗ ಬಿಸಿ ಪಾತ್ರೆ ಎತ್ತಬೇಡಿ ಎಂದು ಅಮ್ಮ ಹೇಳಿದ್ದಾಳೆ. ಇದನ್ನು ಓದಿ ನೀವು "ಹೂಂ" ಎಂದಿರುತ್ತೀರಿ, ಗೊತ್ತು. ಅಮ್ಮ ಆರಾಮಾಗಿದ್ದಾಳೆ. ನನ್ನ ಅಂಗೈಯಲ್ಲಿ ಬೊಬ್ಬೆಗಳು ಬಂದಿವೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಮಾತೆಲ್ಲ ನನ್ನದು, ಹೂಂ ಮಾತ್ರ ನಿಮ್ಮದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಿಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ಅಪ್ಪಾ, ಮೊನ್ನೆ ಕರೆಂಟ್ ಕಂಬದ ತುದಿ ಮುಟ್ಟಿದೆ! ನಮ್ಮ ತರಬೇತಿ ಮೈದಾನದಲ್ಲಿ ಬರೀ ಕಂಬಗಳು, ಮನೆಗಳೇ ಇಲ್ಲದ ಬೀದಿ ಇದ್ದ ಹಾಗೆ. ಅರ್ಧಕ್ಕೆ ಏರುವಷ್ಟರಲ್ಲಿ ನನ್ನ ಎಡಗಾಲು ತಾನೇ ತಾನಾಗಿ ತಾಳ ಹಾಕತೊಡಗಿತು. ಅದಕ್ಕೆ ಗದರಿದೆ, ಸುಮ್ಮನಾಯಿತು. ಮೇಲೆ ಹೋಗಿ ಬೆಲ್ಟಿನ ಕೊಕ್ಕೆ ಸಿಕ್ಕಿಸಿ, ಒಡೆದ ಪಿಂಗಾಣಿ ಇನ್ಸುಲೇಟರ್ ಬಿಚ್ಚಿ ಹೊಸದನ್ನು ಕೂರಿಸಿದೆ. ಅಲ್ಲಿಂದ ಏನೇನು ಕಾಣುತ್ತದೆ ಗೊತ್ತೇ? ಶಾಲೆಯ ಚಾವಣಿಯ ಮೇಲೆ ಮಕ್ಕಳು ಕಳೆದುಕೊಂಡ ಚೆಂಡುಗಳೆಲ್ಲ ಬಿದ್ದಿವೆ. ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನನ್ನನ್ನು ನೋಡಿ ಬಾಯಿಯಲ್ಲಿದ್ದ ಕ್ಲಿಪ್ಪು ಬೀಳಿಸಿಕೊಂಡಳು. ನಾನು ಕೈಬೀಸಿದೆ. ಕೆಳಗಿನಿಂದ ಮೇಷ್ಟ್ರು ಬೈದರು. ಬೈಸಿಕೊಂಡೂ ನಗುತ್ತಲೇ ಇದ್ದೆ, ಅಷ್ಟು ಖುಷಿ.

ಈ ಮೇಷ್ಟ್ರಿಗೆ ನಾವು ಇಟ್ಟಿರುವ ಹೆಸರು "ಪೂರ್ತಿ ಹೇಳು". ಅವರ ಮೈದಾನದಲ್ಲಿ ಹೂಂ ಎನ್ನುವಂತಿಲ್ಲ! ಹೂಂ ಅಂದರೆ ಆಯಿತು ಎಂದೂ ಆಗಬಹುದು, ಮಾಡುತ್ತೇನೆ ಎಂದೂ ಆಗಬಹುದು, ಕೇಳಿಸಿತು ಎಂದೂ ಆಗಬಹುದು, ಏನೂ ಕೇಳಿಸಲಿಲ್ಲ ಎಂದೂ ಆಗಬಹುದಂತೆ. ಹಾಗಾಗಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪೂರ್ತಿಯಾಗಿ ತಿರುಗಿ ಹೇಳಬೇಕು. ಕೆಳಗಿರುವವರು ಹಾಗೆ ಹೇಳುವವರೆಗೆ ಹತ್ತುವವರ ಕಾಲು ನೆಲ ಬಿಡಬಾರದು. ನಿಮ್ಮ ಮಗಳ ಪಾಡು ಯೋಚಿಸಿ. ಹೂಂಗುಟ್ಟುವುದು ನನಗೆ ಹುಟ್ಟುಗುಣ.

ಕೊನೆಗೆ ಸಿಕ್ಕಿಬಿದ್ದೆ. ನನ್ನ ಜೊತೆಗಾರ ಒಬ್ಬ ಉದ್ದ ಕಾಲಿನವನು, ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತೇವೆ. ಅವನು ಹತ್ತಬೇಕು, ನಾನು ದೂರದ ಸ್ವಿಚ್ಚಿನ ಹತ್ತಿರ ನಿಂತು ಲೈನ್ ಬಂದ್ ಮಾಡಬೇಕು. ಅಭ್ಯಾಸದ ಲೈನಿನಲ್ಲಿ ನಿಜವಾದ ಕರೆಂಟ್ ಇರುವುದಿಲ್ಲ, ಅದರ ಬದಲು ಸ್ವಿಚ್ಚಿನ ಪಕ್ಕ ಒಂದು ಕೆಂಪು ದೀಪ ಇದೆ, ಅದು ಉರಿಯುತ್ತಿದ್ದರೆ ಲೈನ್ ಇನ್ನೂ ಬಂದ್ ಆಗಿಲ್ಲ ಎಂದರ್ಥ. "ಬಂದ್ ಆಯ್ತಾ?" ಎಂದು ಕೊಕ್ಕರೆ ಕೂಗಿದ. ನಾನು "ಹೂಂ" ಎಂದೆ. ಇಗೋ ಮಾಡುತ್ತಿದ್ದೇನೆ ಎಂಬ ಅರ್ಥದ ಹೂಂ ಅದು. ಅವನಿಗೆ ಆಯಿತು ಎಂದು ಕೇಳಿಸಿತು. ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ನನ್ನ ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಲೇ ಇತ್ತು.

ಮೇಷ್ಟ್ರು ಸೀಟಿ ಊದಿದರು. ಕೊಕ್ಕರೆಯನ್ನು ಕಂಬದ ಬುಡದಲ್ಲಿ ಅಂಗಾತ ಮಲಗಿಸಿ, ನನ್ನನ್ನು ಕರೆದು ಕೇಳಿದರು: "ಇವನು ಹೋದ. ಇವನ ಅಮ್ಮನ ಹತ್ರ ಹೋಗಿ ಏನು ಹೇಳ್ತೀಯಮ್ಮ? ಅಲ್ಲೂ ಹೂಂ ಅಂತೀಯಾ?" ಅಷ್ಟರಲ್ಲಿ ಇರುವೆ ಕಚ್ಚಿ, ಹೋದವನು ಎದ್ದು ಕುಣಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ ಅಪ್ಪಾ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತೆ.

ಅವತ್ತಿನಿಂದ ಮನೆಯಲ್ಲೂ ಹೂಂ ಬಿಟ್ಟೆ. ಅಮ್ಮ "ಉಪ್ಪು ತಾ" ಎಂದರೆ "ಉಪ್ಪು ತರ್ತಿದ್ದೀನಿ" ಎನ್ನುತ್ತೇನೆ, ಕೊಟ್ಟ ಮೇಲೆ "ಉಪ್ಪು ಕೊಟ್ಟೆ" ಎನ್ನುತ್ತೇನೆ. "ನಿನ್ನ ಬಾಯಿಗೊಂದು ಸ್ವಿಚ್ ಹಾಕಿಸ್ಬೇಕು" ಎನ್ನುತ್ತಾಳೆ. ಆದರೂ ರಾತ್ರಿ ಮಲಗುವ ಮೊದಲು "ಗ್ಯಾಸ್ ಆಫ್ ಮಾಡ್ದೆ" ಎಂದು ಅವಳೇ ಕೂಗಿ ಹೇಳತೊಡಗಿದ್ದಾಳೆ. ನಿಮ್ಮ ಹೂಂಗಳ ವಿಷಯದಲ್ಲಂತೂ ಅವಳು ಪಂಡಿತೆ: ಉದ್ದ ಹೂಂ ಒಪ್ಪಿಗೆ, ಗಿಡ್ಡ ಹೂಂ ಕೋಪ, ಎರಡೆರಡು ಹೂಂ ಅಂದರೆ ನಿದ್ದೆ. ಹೆಣ್ಣು ನೋಡಲು ಬಂದಾಗ ಹುಡುಗಿ ಒಪ್ಪಿಗೆಯೇ ಎಂದು ಕೇಳಿದ್ದಕ್ಕೂ ನೀವು ಹೂಂ ಎಂದಿದ್ದಿರಂತೆ. ಪ್ರಶ್ನೆ ನಿಮಗೆ ಕೇಳಿಸಿತ್ತೋ ಇಲ್ಲವೋ ಎಂಬ ಅನುಮಾನ ಅವಳಿಗೆ ಇವತ್ತಿಗೂ ಇದೆ. ಆದರೆ ನಾನು ಈ ತರಬೇತಿಗೆ ಸೇರಿದ ದಿನ ಫೋನಿನಲ್ಲಿ ನೀವು ಎಂದ ಹೂಂ ಅವಳಿಗೂ ಬಗೆಹರಿದಿಲ್ಲ. ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ಮೇಲಾಗಿ ಅದೇ ಹೊತ್ತಿಗೆ ನಿಮ್ಮ ಹಡಗು ಬೇರೆ ಕೂಗಿತು.

ನೆನಪಿದೆಯೇ? ನಡುಮನೆಯ ಬಲ್ಬ್ ಹೋದಾಗಲೆಲ್ಲ ಸ್ಟೂಲ್ ಹತ್ತುತ್ತಿದ್ದವಳು ನಾನೇ. ಸಮುದ್ರ ದಾಟುವ ನಿಮಗೆ ಸ್ಟೂಲ್ ಕಂಡರೆ ತಲೆಸುತ್ತು! "ಅಪ್ಪಾ, ಹತ್ತಲಾ?" ಎಂದು ನಾನು ಕೇಳಿದರೆ, ಎರಡೂ ಕೈಯಿಂದ ಸ್ಟೂಲಿನ ಕಾಲು ಹಿಡಿದು "ಹಿಡ್ಕೊಂಡಿದ್ದೀನಿ, ಹತ್ತು" ಎನ್ನುತ್ತಿದ್ದಿರಿ. ನಿಮ್ಮ ಬಾಯಿಂದ ಹೂಂ ಇಲ್ಲದೆ ಬಂದ ಪೂರ್ತಿ ಮಾತು ಅದೊಂದೇ ಇರಬೇಕು. ಮೊನ್ನೆ ಎಡಗಾಲು ನಡುಗಿದಾಗ ನನಗೆ ನೆನಪಾದದ್ದೂ ಅದೇ.

ಹೊತ್ತುಹೊತ್ತಿಗೆ ಊಟ ಮಾಡಿ. ಊರಿಗೆಲ್ಲ ಬಡಿಸಿ ತಾವು ತಣ್ಣಗಿನದು ತಿನ್ನುವ ಅಡುಗೆಯವರು ನೀವು. ಅಮ್ಮ ಕೇಳಿದಳೆಂದು ತಿಳಿಸಲು ಹೇಳಿದಳು, ತಿಳಿಸಿದ್ದೇನೆ.

ನಿಮ್ಮ ಮುದ್ದಿನ ಮಗಳು,
ಅಮ್ಮನ ಬಾಯಲ್ಲಿ ಈಗ "ಕಂಬದ ಕೋತಿ"

ಮ.ವಿ.: ಅಸಲು ವಿಷಯವೇ ಉಳಿದುಹೋಯಿತು. ತಿಂಗಳ ಕೊನೆಯೊಳಗೆ ನಾನು ಕಚೇರಿಗೆ ಉತ್ತರ ಕೊಡಬೇಕು: ಮೀಟರ್ ವಿಭಾಗದ ಕುರ್ಚಿಯೋ, ಲೈನ್ ತಂಡವೋ ಎಂದು. ನನಗೆ ಬೇಕಿರುವುದು ಲೈನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಆ ಹೂಂ ಒಂದನ್ನೇ ನಂಬಿ ಕಾಲೆತ್ತಲು ಈಗ ಮನಸ್ಸು ಬರುತ್ತಿಲ್ಲ. ಬೇಡವಾಗಿದ್ದರೆ "ಬೇಡ ಮಗಳೇ" ಎಂದು ಪೂರ್ತಿ ಬರೆಯಿರಿ, ಜಗಳ ಆಡೋಣ, ನಾನು ಸಿದ್ಧ. ಬೇಕಾಗಿದ್ದರೆ ಏನು ಬರೆಯಬೇಕೆಂದು ನಿಮಗೆ ಗೊತ್ತು. ಕಂಬದ ಬುಡದಲ್ಲಿ ನಿಂತು ಕೇಳುತ್ತಿದ್ದೇನೆ: ಅಪ್ಪಾ, ಹತ್ತಲಾ?