ನಿಂಬೆಪೀಚಿಗೆ ಹಸಿರು ದಾರ

ಅತ್ತೆ,

ಈ ಸಂಗತಿಯನ್ನು ಫೋನಿನಲ್ಲಿ ಹೇಳಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಗುತ್ತೀರಿ. ನಕ್ಕರೆ ಎದೆಯ ಹೊಲಿಗೆ ನೋಯುತ್ತದೆಂದು ನಾದಿನಿ ನನ್ನನ್ನೇ ಬೈಯುತ್ತಾಳೆ. ಅದಕ್ಕೇ ಈ ಕಾಗದ. ನಿಮ್ಮ ನಿಂಬೆಗಿಡ ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ಗಾಬರಿಯಾಗಬೇಡಿ.

ಹೃದಯದ ಆಪರೇಷನ್ನಿಗೆಂದು ನೀವು ಮಗಳ ಮನೆಗೆ ಹೊರಟ ದಿನ ಬಾಲ್ಕನಿಯ ಗಿಡದ ತುಂಬ ಹೂವಿತ್ತು. ಗಾಜಿನ ಕಿಟಕಿ ತೆರೆದಿಟ್ಟರೆ ಸಾಲದೇ ಎಂದು ಕೇಳಿದೆ. "ಏಳನೇ ಮಹಡಿ ಹತ್ತಿ ಬರೋಕೆ ಜೇನುಹುಳಕ್ಕೇನು ಗ್ರಹಚಾರನಾ? ನೀನೇ ಜೇನುಹುಳ ಆಗ್ಬೇಕು" ಎಂದಿರಿ. ನಾನು ಹೊಲಿಗೆ ಮಿಷಿನ್ನಿನ ಬ್ರಷ್ಷಿಗೆ ಕೈ ಹಾಕಿದರೆ, "ಅದ್ರಲ್ಲಿ ಎಣ್ಣೆ ಇರುತ್ತೆ ಕಣೇ" ಎಂದು ಗದರಿ ಹೊಸ ಬ್ರಷ್ ಕೊಟ್ಟಿರಿ. ಒಂದು ಹೂವಿನ ಹಳದಿ ಪುಡಿ ತೆಗೆದು ಇನ್ನೊಂದರ ನಡುವಿನ ಕಡ್ಡಿಯ ಅಂಟಂಟು ತುದಿಗೆ ಸವರಿ ತೋರಿಸಿದಿರಿ. "ಕಚಗುಳಿ ಇಟ್ಟ ಹಾಗಿರ್ಬೇಕು, ಪಾತ್ರೆ ಉಜ್ಜಿದ ಹಾಗಲ್ಲ." ಆಮೇಲೆ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ, "ಹಣ್ಣಾಗೋದನ್ನ ನೋಡ್ತೀನೋ ಇಲ್ವೋ" ಎಂದುಬಿಟ್ಟಿರಿ.

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ ಅತ್ತೆ. ಪರೀಕ್ಷೆ, ಔಷಧಿ ಎಂದು ನಿಮ್ಮ ಆಪರೇಷನ್ ಮುಂದೆ ಹೋಗುತ್ತಲೇ ಇತ್ತು. ನಾನಿಲ್ಲಿ ದಿನಾ ಹೂವಿಗೆ ಕಚಗುಳಿ ಇಡುತ್ತಿದ್ದೆ. ಹೂ ಉದುರಿದ ಕಡೆಯಲ್ಲೆಲ್ಲ ಮೆಣಸಿನ ಕಾಳಿನಷ್ಟು ಪೀಚು ಕಚ್ಚಿದಾಗ ಕುಣಿದಾಡಿದೆ. ಇವೆಲ್ಲ ಉಳಿದರೆ ಅತ್ತೆಯೂ ಉಳಿದಂತೆ ಎಂದು ಮನಸ್ಸು ತಾನೇ ಗಂಟು ಹಾಕಿಕೊಂಡಿತು. ಹುಚ್ಚು, ಗೊತ್ತು.

ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದ ವಾರವೇ ಪೀಚು ಉದುರತೊಡಗಿದವು. ನೀರು ಹೆಚ್ಚಿಸಿದೆ, ಕಡಿಮೆ ಮಾಡಿದೆ, ಬಿಸಿಲಿಗೆ ಪರದೆ ಕಟ್ಟಿದೆ. ಊಹೂಂ. ಹೊಲಿಯುವವಳ ಬುದ್ಧಿ ಕೊನೆಗೆ ಎಲ್ಲಿಗೆ ಹೋದೀತು? ದಾರಕ್ಕೇ. ಉಳಿದ ಒಂದೊಂದು ಪೀಚನ್ನೂ ಅದರ ಕಡ್ಡಿಗೆ ದಾರದಿಂದ ಕಟ್ಟಿದೆ. ಬಣ್ಣ ಹೊಂದಬೇಕಲ್ಲ, ಹಸಿರು ದಾರ! ನಿಮ್ಮ ಮಗ ಬಂದು ನೋಡಿ, "ಗಿಡಕ್ಕೆ ಗುಂಡಿ ಹೊಲೀತಿದ್ದೀಯಾ?" ಎಂದರು. ನಗು ಬರಲಿಲ್ಲ.

ಕಟ್ಟಿದವುಗಳಲ್ಲೂ ಎಷ್ಟೋ ತೊಟ್ಟು ಕಳಚಿಕೊಂಡವು. ಕಂದಿಹೋಗಿ ದಾರದಲ್ಲಿ ಸುಮ್ಮನೆ ನೇತಾಡಿದವು. ಆಪರೇಷನ್ನಿನ ಮರುದಿನ ಕತ್ತರಿ ಹಿಡಿದು ಅವುಗಳ ಮುಂದೆ ಕೂತಿದ್ದೆ, ಕತ್ತರಿಸಲು ಕೈ ಬರಲಿಲ್ಲ. ಆಗ ನಾದಿನಿಯ ಫೋನ್. "ಅಮ್ಮಂಗೆ ಚೆನ್ನಾಗಿ ಎಚ್ಚರ ಆಗಿದೆ. ಪೀಚು ಉದುರೋಕೆ ಶುರುವಾಯ್ತಾ ಕೇಳು ಅಂತಿದ್ದಾಳೆ." ಉದುರುತ್ತಿವೆ ಎನ್ನುವಾಗ ನನ್ನ ದನಿ ಒಡೆಯಿತು. ಆಮೇಲೆ ನಿಮ್ಮ ದನಿ ಕೇಳಿತು, ಸಣ್ಣಗೆ, ಆದರೂ ಗದರುವ ದನಿಯೇ: "ಉದುರ್ಲಿ ಬಿಡೇ. ಗಿಡ ತಾನು ಹೊರೋವಷ್ಟನ್ನೇ ಇಟ್ಕೊಳ್ಳುತ್ತೆ. ಪ್ರತಿಸಲ ಹಾಗೇನೇ."

ನೆಲದ ಮೇಲೇ ಕೂತು ಜೋರಾಗಿ ಅತ್ತುಬಿಟ್ಟೆ. ಹೊಲಿಯಲು ಕೊಟ್ಟಿದ್ದನ್ನು ಒಯ್ಯಲು ಬಂದಿದ್ದ ಹೆಂಗಸು ತನ್ನ ಬಟ್ಟೆಯೇ ಕೆಟ್ಟಿತೆಂದು ಹೆದರಿದಳು. ಅವಳಿಗೆ ಕಾಫಿ ಕೊಟ್ಟು, ಅಳುತ್ತಾ ನಗುತ್ತಾ ಎಲ್ಲ ಹೇಳಿದೆ. ಎಷ್ಟು ದಿನಗಳ ಮೇಲೆ ಎದೆ ಹಗುರಾಗಿತ್ತು!

ಅವತ್ತೇ ದಾರಗಳನ್ನು ಬಿಚ್ಚಿದೆ. ಐದು ಕಾಯಿ ತಮ್ಮ ತೊಟ್ಟಿನ ಬಲದಲ್ಲೇ ನಿಂತಿವೆ, ಈಗ ಗೋಲಿಯಷ್ಟು ದಪ್ಪ. ಮುಂದಿನ ವಾರ ನಿಮ್ಮನ್ನು ಮನೆಗೆ ಕಳಿಸುತ್ತಾರಂತೆ. ಅವು ಹಣ್ಣಾಗಲು ಇನ್ನೂ ತಿಂಗಳುಗಳು ಬೇಕು. ನೀವು ಕಣ್ಣಾರೆ ನೋಡುತ್ತೀರಿ.

ಒಂದು ಕಾಯಿಯ ದಾರವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಸಡಿಲವಾಗಿ. ಬಂದ ತಕ್ಷಣ ಬೈಯಲು ನಿಮಗೊಂದು ನೆಪ ಬೇಕಲ್ಲ.

ಬಾಯಿತುಂಬ ಬೈಯುವಷ್ಟು ಶಕ್ತಿ ನಿಮಗೆ ಬೇಗ ಬರಲಿ.

ನಿಮ್ಮ ಸೊಸೆ,
ಏಳನೇ ಮಹಡಿಯ ಜೇನುಹುಳ