ದೀಪ ಆರಿದ ಸಾಲು

ಉಮಾ,

ಇಂದು ಸಂಜೆ ನಮ್ಮ ‘ಬೆಳಗು ಬಳಗ’ ಹಾಡಿನ ತಂಡದ ಹಿರಿಯ ಗಾಯಕರು ಫೋನಿನಲ್ಲಿ ಲೈವ್ ಬಂದಿದ್ದರು. ಮೂವತ್ತು ವರ್ಷದ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿ ಶುಕ್ರವಾರ ಬಿಡುತ್ತಾರಂತೆ. ರೋಣದ ಅಭಿಮಾನಿಗಳ ವಾಟ್ಸಾಪ್ ಗುಂಪಿನವರೆಲ್ಲ ನೋಡುತ್ತಿದ್ದೆವು. ನಾನು ಹೊಲಿಗೆ ಮಷೀನು ನಿಲ್ಲಿಸಿ, ಅವರ ಹಾಡಿನ ಆ ಸಾಲಿನ ಬಗ್ಗೆ ನಮ್ಮ ಅದೇ ಹಳೆಯ ಪ್ರಶ್ನೆ ಬರೆದೆ: ‘ಬಾಗಿಲ ತೆರದೈತಿ, ದೀಪ ಆರೈತಿ’ ಅಂದರೇನು?

ಹಾಡಿನ ಹೆಣ್ಣು ಕಾದು ಸಾಕಾಗಿ ಮಲಗಿದಳು ಎಂಬುದು ನನ್ನ ವಾದ. ಬರುವವನು ಯಾರ ಕಣ್ಣಿಗೂ ಬೀಳಬಾರದೆಂದು ತಾನೇ ದೀಪ ಆರಿಸಿದಳು ಎಂಬುದು ನಿನ್ನದು. ಗಜೇಂದ್ರಗಡದಲ್ಲಿ ಅವರ ಕಾರ್ಯಕ್ರಮ ನೋಡಿ ಬರುವಾಗ, ಬಸ್ಸಿನಲ್ಲಿ ಎಲ್ಲರ ಮುಂದೆ ಅಂದೆಯಲ್ಲ, ‘ಯಾರ ದಾರೀನೂ ಕಾದಾಕಿ ಅಲ್ಲ ನೀ, ನಿನಗೇನ ತಿಳೀತದ?’ ಮನೆ ಮುಟ್ಟುವ ಮೊದಲೇ ನಿನ್ನನ್ನು ಗುಂಪಿನಿಂದ ತೆಗೆದೆ. ಅಡ್ಮಿನ್ ನಾನಲ್ಲವೇ! ಮೂರು ವರ್ಷವಾಯಿತು.

ಗಾಯಕರು ಪ್ರಶ್ನೆ ಓದಿ ನಕ್ಕರು. ‘ಅದಕ್ಕ ಅರ್ಥ ಗಿರ್ಥ ಏನಿಲ್ಲ ತಂಗಿ. ಟ್ಯೂನ್ ಉಳದಿತ್ತು, ಏನೋ ಮಾತು ತುಂಬಿದ್ವಿ. ಹೊಸಾದ್ರಾಗ ಆ ಸಾಲ ತಗದೇವಿ.’

ತೆಗೆದಿದ್ದಾರಂತೆ! ಗುಂಪಿನ ತುಂಬ ಕೈಮುಗಿದ ಚಿತ್ರಗಳು. ‘ಹಿರ್ಯಾರು, ತಿಳದ ಮಾಡಿರ್ತಾರ ಬಿಡ್ರಿ’ ಎಂದು ಬೆಳವಣಕಿಯ ಸಿದ್ದಾರೂಢ ಬರೆದ. ಒಬ್ಬರಿಗೂ ಸಿಟ್ಟು ಬರಲಿಲ್ಲ. ಸಿಟ್ಟಿಗೇಳುವವಳು ಗುಂಪಿನಲ್ಲಿ ಇರಲಿಲ್ಲ.

ಎಂದಾದರೊಂದು ದಿನ ನಿನ್ನ ಮನೆಗೆ ಬಂದು ಆ ಸಾಲಿನ ಜಗಳ ಮುಗಿಸಬೇಕು ಅಂದುಕೊಂಡೇ ಮೂರು ವರ್ಷ ಕಳೆದೆ. ಈಗ ಜಗಳವನ್ನೂ ತೆಗೆದುಬಿಟ್ಟರು. ಇನ್ನು ಏನು ನೆಪ ಹೇಳಿ ಬರಲಿ?

ಜಬೀನ