ಸೋಗಾನೆಯ ಮೇಲೆ ಒಂದು ಸುತ್ತು

ನ್ಯೂಟೌನ್, ಭದ್ರಾವತಿ
ಭಾನುವಾರ, ೧೮ ಆಗಸ್ಟ್ ೨೦೨೪

ಶ್ರೀಮದ್ ಗಗನಮಂಡಲಾಧೀಶ್ವರಿ, ಮೇಘಮರ್ದಿನಿ, ಬೆಂಗಳೂರು–ಸೋಗಾನೆ ವಾಯುಮಾರ್ಗ ಸಂಚಾರಿಣಿ, ನಾನು ಇವತ್ತಿಗೂ ತೊಡುತ್ತಿರುವ ಸಮಸ್ತ ಹಳೇ ಚೂಡಿದಾರಗಳ ಮೂಲ ಒಡತಿಯಾದ ಸಮತಕ್ಕನವರ ದಿವ್ಯ ಸನ್ನಿಧಾನಕ್ಕೆ, ತಂಗಿ ರಂಜಿನಿಯು ಸಾಷ್ಟಾಂಗ ಬಿದ್ದು, ಎದ್ದು, ಮೊಣಕಾಲು ಒರೆಸಿಕೊಂಡು ಮಾಡುವ ಬಿನ್ನಹ.

ಆರೋಗ್ಯವೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಫೋನ್ ಎತ್ತದವರ ಆರೋಗ್ಯ ವಿಚಾರಿಸಲು ಅಂಚೆ ಇಲಾಖೆಯೇ ಗತಿ ಎಂದು ಇಲ್ಲಿನ ಆಸ್ಥಾನ ತೀರ್ಮಾನಿಸಿದೆ. ಆಸ್ಥಾನವೆಂದರೆ ಈಗ ಅಮ್ಮ ಮತ್ತು ನಾನು. ಅಮ್ಮ ಬೆಳಿಗ್ಗೆ ಅಡುಗೆ ಮಾಡುತ್ತಾಳೆ, ಮಧ್ಯಾಹ್ನವೆಲ್ಲ ಗೋಡೆ ನೋಡುತ್ತಾಳೆ. ನಗಿಸೋಣವೆಂದು ಮೊನ್ನೆ ಅಪ್ಪನ ಹಾಗೆ ಕೆಮ್ಮಿದೆ. ಅವಳು ಒಳಗಿನಿಂದ ಬಿಸಿನೀರು ಹಿಡಿದುಕೊಂಡು ಓಡಿಬಂದಳು. ಲೋಟ ಇಸಿದುಕೊಂಡು ನಾನೇ ಕುಡಿದೆ. ಇನ್ನೇನು ಮಾಡಲಿ?

ನೀನು ಇನ್ನು ವಿಮಾನ ಹಾರಿಸುವುದಿಲ್ಲ ಎಂದು ಕಂಪನಿಗೆ ಹೇಳಿದ್ದೀಯಂತೆ. ನಿನ್ನ ರೂಮಿನ ಕವನಾ ಅಮ್ಮನಿಗೆ ಹೇಳಿದಳು. ಮಹಾಂತಮ್ಮತ್ತೆಯ ಮಾತು ನಿನ್ನ ಕಿವಿಯಲ್ಲೇ ಕೂತಿರಬೇಕು: “ಅಪ್ಪ ಉಸಿರು ಹಿಡ್ಕಂಡು ಕಾಯ್ತಿದ್ರೆ, ಮಗಳು ಮೇಲಿಂದ ಮೇಲೇ ಒಂದ್ ಸುತ್ತು ಹೊಡ್ದು ಹೋದ್ಲಲ್ಲ ಮಾರಾಯ್ತಿ!” ಅತ್ತೆ ಅದನ್ನು ಅತ್ತುಕೊಂಡೇ ಹೇಳಿದಳು, ಆಮೇಲೆ ನಿನ್ನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡವಳೂ ಅವಳೇ. ಅವಳ ಲೆಕ್ಕದಲ್ಲಿ ವಿಮಾನವೂ ಶಿವಮೊಗ್ಗದ ಸಿಟಿ ಬಸ್ಸಿನ ಹಾಗೆ. ಕೈ ಮಾಡಿದಲ್ಲಿ ನಿಲ್ಲಬೇಕು.

ಕಳೆದ ದೀಪಾವಳಿಗೆ ನೀನು ಅಪ್ಪನ ಕನ್ನಡಕದ ಡಬ್ಬಿಯನ್ನು ವಿಮಾನ ಮಾಡಿ, ಊಟದ ತಟ್ಟೆಯನ್ನು ಸೋಗಾನೆ ವಿಮಾನ ನಿಲ್ದಾಣ ಮಾಡಿ ತೋರಿಸಿದ್ದು ನನಗೆ ಬಾಯಿಪಾಠ. ಎತ್ತರ ಹೆಚ್ಚಾಯಿತೆಂದು ಮೂಗು ತಗ್ಗಿಸಿದರೆ ವೇಗ ಏರುತ್ತದೆ; ವೇಗ ತಗ್ಗಿಸಲು ಮೂಗು ಎತ್ತಿದರೆ ಎತ್ತರ ಹಾಗೇ ಉಳಿಯುತ್ತದೆ. ಎರಡನ್ನೂ ದೂರದಿಂದಲೇ ಸ್ವಲ್ಪಸ್ವಲ್ಪವಾಗಿ ಕಳೆಯುತ್ತ ಬರಬೇಕು. ನೆಲ ಇನ್ನು ಸಾವಿರ ಅಡಿ ಎನ್ನುವಾಗ ಎರಡೂ ಹದಕ್ಕೆ ಬಂದಿರದಿದ್ದರೆ, ಕೆಳಗೆ ಯಾರೇ ಕಾಯುತ್ತಿರಲಿ, ಇಳಿಯುವ ಆಸೆ ಬಿಟ್ಟು ಮೇಲೇರಬೇಕು. ಇಷ್ಟು ವರ್ಷ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿದ ನಮ್ಮಪ್ಪ, “ನಮ್ದೂ ಅದೇ ಕಣವ್ವ. ತೂಗಾಡೋ ಭಾರ ಇಳಿಸ್ಬಾರ್ದು, ಎತ್ಬಿಡ್ಬೇಕು” ಎಂದು ಸೋಗಾನೆಯ ಮೇಲಿದ್ದ ಹೋಳಿಗೆಯನ್ನು ಎತ್ತಿ ಬಾಯಿಗಿಟ್ಟುಕೊಂಡ.

ಅಪ್ಪ ಹೋದ ದಿನ ವಿಮಾನ ನಿನ್ನ ಕೈಯಲ್ಲಿತ್ತು. ಸೋಗಾನೆಯಿಂದ ಅದನ್ನು ವಾಪಸ್ ಒಯ್ಯಲು ಇನ್ನೊಬ್ಬ ಪೈಲಟ್ ಹಿಂದೆ ಕೂತಿದ್ದರು. ಇಳಿದವಳೇ ನೀನು ಮನೆಗೆ ಬರುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಹಿಂದಿನಿಂದ ಗಾಳಿ ತಳ್ಳುತ್ತಲೇ ಇತ್ತು, ಎತ್ತರವೂ ಕಳೆಯಲಿಲ್ಲ, ವೇಗವೂ ಕಳೆಯಲಿಲ್ಲ. ನೀನು ಮೇಲೇರಿಸಿದೆ. ಇನ್ನೊಂದು ಸಲ ಇಳಿಯುವ ಮೊದಲೇ ಮೋಡ ಮುಚ್ಚಿಕೊಂಡು ಬೆಂಗಳೂರಿಗೇ ತಿರುಗಬೇಕಾಯಿತು. ಅಲ್ಲಿಂದ ಕಾರು ಹಿಡಿದು ನೀನು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. “ಒಂಚೂರು ಒತ್ತಿದ್ರೆ ಇಳೀತಿತ್ತೇನೋ” ಎಂದು ನೀನು ಬಚ್ಚಲುಮನೆಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದುದು ನನಗೆ ಕೇಳಿಸಿತ್ತು. ಇಳಿಯುತ್ತಿತ್ತೇನೋ ಅಕ್ಕ. ಆದರೆ ನಿನ್ನ ಹಿಂದೆ ಕೂತಿದ್ದವರಿಗೂ ಮನೆಯಲ್ಲಿ ಕಾಯುವವರು ಇದ್ದರಲ್ಲ.

ಅದಕ್ಕೇ ಇಷ್ಟು ದಿನ ಇಟ್ಟುಕೊಂಡಿದ್ದ ಅಪ್ಪನ ಕೊನೆಯ ಮಾತನ್ನು ಈಗ ತಲುಪಿಸುತ್ತಿದ್ದೇನೆ. ವಿಮಾನದ ಸದ್ದು ನಮ್ಮ ತಾರಸಿಯ ಮೇಲೆ ಹಾದು ದೂರವಾಯಿತು. ಅಪ್ಪ ಕಣ್ಣು ತೆರೆದು, “ಎತ್ತಿದ್ಲು. ಒಳ್ಳೇದ್ ಮಾಡಿದ್ಲು” ಎಂದ. ಇನ್ನು ನಿನಗೆ ಯಾರ ಅಪ್ಪಣೆ ಬೇಕು? ಹೋಗಿ ನಿನ್ನ ಸೀಟಿನಲ್ಲಿ ಕೂರು.

ಅಮ್ಮನ ಆಶೀರ್ವಾದ, ಅತ್ತೆಯ ಮುನಿಸು ಬೆರೆತ ಪ್ರೀತಿ, ನಮ್ಮ ಬೀದಿಯ ಕರಿನಾಯಿಯ ಬಾಲಪೂರ್ವಕ ನಮಸ್ಕಾರಗಳನ್ನು ಸ್ವೀಕರಿಸುವುದು.

ನಿನ್ನ ಆಜ್ಞಾಧಾರಕಳಾದ, ಆದರೆ ಒಂದು ಆಜ್ಞೆಯನ್ನೂ ಪಾಲಿಸಿ ಗೊತ್ತಿಲ್ಲದ,
ರಂಜಿನಿ

ಲಕೋಟೆ ಅಂಟಿಸುವ ಮೊದಲು: ಅಪ್ಪ ಹಾಗೆ ಅನ್ನಲಿಲ್ಲ ಅಕ್ಕ. ಸದ್ದು ಕೇಳಿ “ಬಂದ್ಲಾ?” ಅಂದ. “ಇಳಿದ್ಲು ಅಪ್ಪ, ಆಟೋದಲ್ಲಿದಾಳೆ” ಅಂದುಬಿಟ್ಟೆ. ನನ್ನ ಒಂದು ಕಿತಾಪತಿಯನ್ನೂ ನಂಬದವನು ಅದನ್ನು ನಂಬಿದ. ಅಪ್ಪನ ಬಾಯಲ್ಲಿ ಹಲ್ಲಿನ ಸೆಟ್ಟು ಯಾಕಿದೆ ಎಂದು ಆವತ್ತು ನೀನು ಕೇಳಿದ್ದೆ. ನೀನು ಆಟೋದಲ್ಲಿದ್ದೀಯೆಂದು ನಂಬಿ ಅವನೇ “ಹಾಕು, ಮಗಳಿಗೆ ಬೊಚ್ಚುಬಾಯಿ ತೋರಿಸ್ಬಾರ್ದು” ಅಂದಿದ್ದ, ಹಾಕಿದೆ. ಬಾಗಿಲ ಕಡೆ ನೋಡುತ್ತಲೇ ಹೋದ. ಒಂದು ಸಲ ನೀನೇ ಸೋಗಾನೆಯಲ್ಲಿ ವಿಮಾನ ಇಳಿಸಿ, ಆಟೋ ಹತ್ತಿ ಬಾ. ತಡವಾಗಿಯಾದರೂ ನಾನು ಅಪ್ಪನಿಗೆ ಹೇಳಿದ್ದು ನಿಜವಾಗಲಿ.